ದಸರಾ ರಜೆಯಲ್ಲಿ ಮೈಸೂರು: ಪಾಳಿಯಲ್ಲೇ ಅರ್ಧ ದಿನ ಕಳೆಯದ ಹಾಗೆ ನೋಡೋದು ಹೇಗೆ?

ಹುಬ್ಬಳ್ಳಿ_ಗಿರಮಿಟ್
ಎಲ್ಲರಿಗೂ ನಮಸ್ಕಾರ. ಮಕ್ಕಳ ದಸರಾ ರಜೆಯಲ್ಲಿ ಎರಡು ದಿನಕ್ಕೆ ಮೈಸೂರಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಮಕ್ಕಳಿಬ್ಬರು (ದೊಡ್ಡವಳಿಗೆ 10, ಸಣ್ಣವನಿಗೆ 6), ಜೊತೆಗೆ ನಮ್ಮ ಅತ್ತೆ. ಅತ್ತೆಗೆ 71. ಮೊಣಕಾಲು ನೋವು ಇದೆ, ಹಟ ಅದಕ್ಕಿಂತ ಜಾಸ್ತಿ ಇದೆ. ಅರಮನೆ, ಝೂ, ಚಾಮುಂಡಿ ಬೆಟ್ಟ ಮೂರೂ ಆಗಲೇಬೇಕಂತೆ.

ಮದುವೆಯಾದ ಹೊಸದರಲ್ಲಿ ಮಾವನವರ ಜೊತೆ ಒಮ್ಮೆ ಬಂದಿದ್ದರಂತೆ. ಅರಮನೆ ಗೇಟಿನ ತನಕ ಹೋಗಿ, ಜನಜಾತ್ರೆ ನೋಡಿ, "ಮತ್ತೊಮ್ಮೆ ಬರೋಣ" ಅಂತ ಮಾವ ವಾಪಸ್ ಕರೆದುಕೊಂಡು ಹೋದರಂತೆ. ಆ ಮತ್ತೊಮ್ಮೆ ಬರಲೇ ಇಲ್ಲ. ಮಾವ ಈಗ ಇಲ್ಲ.

ಹೋದ ವರ್ಷ ಇನ್ನೊಂದು ಊರಿಗೆ ಹೋಗಿದ್ದೆವು. ಹೆಸರು ಬೇಡ. ಎರಡೂವರೆ ತಾಸು ಪಾಳಿ. ಒಳಗೆ ಹೋದ ಮೇಲೆ ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದೆವು. ಸಣ್ಣವನು ಅಪ್ಪನ ಹೆಗಲ ಮೇಲೇ ನಿದ್ದೆ ಹೋಗಿದ್ದ, ಏನೂ ನೋಡಲಿಲ್ಲ. ಮತ್ತೆ ಹಾಗಾಗಬಾರದು. ಆನ್‌ಲೈನ್ ಟಿಕೆಟ್ ತೆಗೆದರೆ ಪಾಳಿ ತಪ್ಪುತ್ತಾ? ಎಷ್ಟು ಗಂಟೆಗೆ ಎಲ್ಲಿಗೆ ಹೋಗಬೇಕು? ಗೊತ್ತಿದ್ದವರು ಹೇಳಿ.

ಡಿಕಾಕ್ಷನ್
ದಸರಾದಲ್ಲಿ, ಮೈಸೂರಲ್ಲಿ, ಕ್ಯೂ ಇಲ್ಲದೆ! ಮನೆಯಲ್ಲೇ ಟಿವಿ ಹಾಕಿಕೊಳ್ಳಿ ಅಕ್ಕಾ. ಅಲ್ಲಿ ಜಂಬೂಸವಾರಿ ಮುಂದಿನ ಸೀಟಿಂದಲೇ ಕಾಣುತ್ತೆ.

ತಮಾಷೆ ಮಾಡಿದೆ. ಬನ್ನಿ ಬನ್ನಿ.

ನಂಜುಮಳಿಗೆ_ನಿವಾಸಿ
ನಾನು ಇಲ್ಲೇ ಹುಟ್ಟಿ ಬೆಳೆದವನು. ಬಂದ ನೆಂಟರನ್ನೆಲ್ಲ ಅರಮನೆಗೆ ಕರೆದುಕೊಂಡು ಹೋಗಿ ಹೋಗಿ ಒಂದು ವಿಷಯ ಅರ್ಥವಾಗಿದೆ. ಅರಮನೆಯಲ್ಲಿ ಕ್ಯೂ ಒಂದಲ್ಲ, ನಾಲ್ಕು.

ಮೊದಲನೆಯದು ಟಿಕೆಟ್. ಎರಡನೆಯದು ಗೇಟಿನಲ್ಲಿ ಬ್ಯಾಗ್ ತಪಾಸಣೆ. ಮೂರನೆಯದು ಚಪ್ಪಲಿ ಬಿಡುವ ಜಾಗ. ನಾಲ್ಕನೆಯದು ಒಳಗೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಹಗ್ಗ ಕಟ್ಟಿದ ದಾರಿಯಲ್ಲಿ, ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಆನ್‌ಲೈನ್ ಟಿಕೆಟ್ ತಪ್ಪಿಸುವುದು ಮೊದಲನೆಯದನ್ನು ಮಾತ್ರ. ಜನ ಇದನ್ನು ತಿಳಿಯದೆ "ಬುಕ್ ಮಾಡಿದ್ದೀವಿ, ಆದ್ರೂ ನಿಂತಿದ್ದೀವಿ" ಅಂತ ರೇಗುತ್ತಾರೆ.

ಅದಕ್ಕೇ ಒಂದೊಂದನ್ನೂ ಬೇರೆ ಬೇರೆಯಾಗಿ ಯೋಚನೆ ಮಾಡಿ. ಟಿಕೆಟ್ ಮೊದಲೇ ತೆಗೆಯಿರಿ. ಐದು ಜನಕ್ಕೆ ಒಂದೇ ಸಣ್ಣ ಬ್ಯಾಗ್ ತನ್ನಿ. ಐದು ಬ್ಯಾಗ್ ಇದ್ದರೆ ಐದು ಸಲ ತೆಗೆದು ತೋರಿಸಬೇಕು. ಚಪ್ಪಲಿಗೆ ಮನೆಯಿಂದಲೇ ಒಂದು ಬಟ್ಟೆ ಚೀಲ. ಎಲ್ಲರದ್ದೂ ಅದಕ್ಕೆ ಹಾಕಿ ಒಬ್ಬರೇ ಹೋಗಿ ಕೊಟ್ಟು ಬನ್ನಿ. ವಾಪಸ್ ತರುವಾಗಲೂ ಒಬ್ಬರೇ. ಉಳಿದವರು ನೆರಳಲ್ಲಿ ಕೂರಬಹುದು. ಅತ್ತೆಗೆ ಕಾಲುಚೀಲ ಇರಲಿ. ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಸುಡುತ್ತೆ.

ನಾಲ್ಕನೇ ಕ್ಯೂಗೆ ಮದ್ದು ಒಂದೇ, ಸಮಯ. ಅರಮನೆ ತೆರೆಯುವುದು ಬೆಳಿಗ್ಗೆ 10ಕ್ಕೆ, ಮುಚ್ಚುವುದು ಸಂಜೆ 5.30ಕ್ಕೆ. ಒಂಬತ್ತೂವರೆಗೆ ವರಾಹ ದ್ವಾರದ ಹತ್ತಿರ ಇರಿ. ಬೆಂಗಳೂರಿಂದ ಬೆಳಿಗ್ಗೆ ಹೊರಟ ಕಾರುಗಳು, ಶಾಲೆ ಪ್ರವಾಸದ ಬಸ್ಸುಗಳು, ಊಟಿ ಪ್ಯಾಕೇಜಿನವರು ಎಲ್ಲ ಹನ್ನೊಂದರ ಸುಮಾರಿಗೆ ಬಂದು ಸುರಿಯುತ್ತಾರೆ. ಮೊದಲ ಒಂದು ಗಂಟೆ ಮಾತ್ರ ನಿಮ್ಮದು.

ದಸರಾದಲ್ಲಿ ಇನ್ನೊಂದು ಎಚ್ಚರ. ನವರಾತ್ರಿಯಲ್ಲಿ ರಾಜಮನೆತನದವರ ಪೂಜೆ, ಖಾಸಗಿ ದರ್ಬಾರ್ ಇರುತ್ತವೆ. ಮೊದಲ ದಿನ, ಆಯುಧಪೂಜೆ, ವಿಜಯದಶಮಿ, ಇಂಥ ದಿನಗಳಲ್ಲಿ ಸಾರ್ವಜನಿಕರಿಗೆ ಕೆಲವು ಹೊತ್ತು, ಇಲ್ಲವೇ ಇಡೀ ದಿನ ಪ್ರವೇಶ ಇರುವುದಿಲ್ಲ. ಅರಮನೆ ಮಂಡಳಿಯ ಪ್ರಕಟಣೆ ನೋಡಿಯೇ ರೈಲು ಟಿಕೆಟ್ ಮಾಡಿಸಿ.

ಹುಬ್ಬಳ್ಳಿ_ಗಿರಮಿಟ್
ಅಯ್ಯೋ, ನಾವು ಆಯುಧಪೂಜೆ ದಿನವೇ ಅಂದುಕೊಂಡಿದ್ದೆವು! ಬದಲಾಯಿಸುತ್ತೇನೆ. ಬಹಳ ಉಪಕಾರ ಆಯಿತು ರೀ.

ಪುಸ್ತಕದ_ಹುಳು
ಬಂದವರು ತಿಳಿದುಕೊಂಡು ನೋಡಿದರೆ ಕ್ಯೂ ಅಷ್ಟು ಭಾರ ಅನ್ನಿಸಲ್ಲ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ. ಈಗಿರುವುದು ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನೋಡಿ. ಚಾವಣಿಯ ಬಣ್ಣದ ಗಾಜಿನಲ್ಲಿ ನವಿಲುಗಳಿವೆ. ಆ ಗಾಜಿನ ಚಾವಣಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದದ್ದು. ಎಲ್ಲರೂ ಗೊಂಬೆ ತೊಟ್ಟಿಯ ಹತ್ತಿರ ಫೋಟೋಗೆ ನಿಂತು ಅಲ್ಲೇ ಗಂಟು ಬೀಳುತ್ತೆ. ಅಲ್ಲಿ ಮುಂದೆ ಸಾಗಿ, ಮಂಟಪದಲ್ಲಿ ಬದಿಗೆ ಸರಿದು ನಿಲ್ಲಿ. ಕಂಬಗಳ ಪಕ್ಕ ಸ್ವಲ್ಪ ಜಾಗ ಸಿಗುತ್ತೆ.

ಲೆಕ್ಕದ_ಮೇಷ್ಟ್ರು
ಯಾವ ಕ್ಯೂನಲ್ಲಿ ನಿಂತರೂ ಮೊದಲ ಐದು ನಿಮಿಷ ಎಣಿಸಿ. ನಿಮ್ಮ ಮುಂದೆ ಸುಮಾರು 200 ಜನ ಇದ್ದಾರೆ, ಐದು ನಿಮಿಷಕ್ಕೆ 25 ಜನ ಒಳಗೆ ಹೋದರು ಅಂದುಕೊಳ್ಳಿ. ಅಂದರೆ ನಿಮಿಷಕ್ಕೆ 5. ನಿಮ್ಮ ಸರದಿಗೆ 40 ನಿಮಿಷ. ಇಷ್ಟೇ. ಎಷ್ಟು ಹೊತ್ತು ಅಂತ ಗೊತ್ತಿಲ್ಲದಾಗಲೇ ಸಿಟ್ಟು ಬರುವುದು. 40 ನಿಮಿಷ ಅಂತ ಗೊತ್ತಾದರೆ ಒಬ್ಬರು ನಿಂತು, ಉಳಿದವರು ಕಾಫಿ ಕುಡಿದು ಬರಬಹುದು.

ಇನ್ನೊಂದು. "ಪಕ್ಕದ ಸಾಲೇ ಯಾವಾಗಲೂ ಬೇಗ ಹೋಗುತ್ತೆ" ಅಂತಾರಲ್ಲ, ಅದು ಭ್ರಮೆಯಲ್ಲ. ಮೂರು ಸಾಲು ಇದ್ದರೆ ನಿಮ್ಮದೇ ಎಲ್ಲಕ್ಕಿಂತ ಬೇಗ ಇರುವ ಸಾಧ್ಯತೆ ಮೂರರಲ್ಲಿ ಒಂದು. ಮೂರರಲ್ಲಿ ಎರಡು ಸಲ ಪಕ್ಕದವರೇ ಗೆಲ್ಲುತ್ತಾರೆ. ಸಾಲು ಬದಲಾಯಿಸಿದರೂ ಇದೇ ಲೆಕ್ಕ, ಸುಮ್ನೆ ಓಡಾಡಬೇಡಿ. ಈ ಕ್ಯೂ ಲೆಕ್ಕಾಚಾರಕ್ಕೆ ನೂರು ವರ್ಷ ದಾಟಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬವರು 1909ರಲ್ಲಿ ಟೆಲಿಫೋನ್ ಕರೆಗಳ ಬಗ್ಗೆ ಬರೆದದ್ದರಿಂದ ಶುರು.

ಡಿಕಾಕ್ಷನ್
ಮೇಷ್ಟ್ರೇ, ಕ್ಯೂನಲ್ಲೂ ಲೆಕ್ಕ ಮಾಡಿಸ್ತೀರಲ್ಲ. ರಜೆ ಸಾರ್ ರಜೆ.

ಮ್ಯೂನಿಕ್_ಮಾವ
ನಂಜುಮಳಿಗೆಯವರು ಹೇಳಿದ "ನಾಲ್ಕು ಕ್ಯೂ" ಇಲ್ಲೂ ಅಷ್ಟೇ. ವ್ಯಾಟಿಕನ್ ಮ್ಯೂಸಿಯಂಗೆ ಸಮಯ ಸಹಿತ ಟಿಕೆಟ್ ಮೊದಲೇ ತೆಗೆದಿದ್ದೆ. ಟಿಕೆಟ್ ಕ್ಯೂ ತಪ್ಪಿತು, ತಪಾಸಣೆ ಕ್ಯೂ ತಪ್ಪಲಿಲ್ಲ. ಅಲ್ಲಿ ತಿಂಗಳ ಕೊನೇ ಭಾನುವಾರ ಪ್ರವೇಶ ಉಚಿತ. ನಮ್ಮ ಕನ್ನಡ ಬಳಗದ ಗೆಳೆಯರು ಆ ದಿನವೇ ಹೋಗಿ ಗೋಡೆ ಸುತ್ತಿದ ಸಾಲು ನೋಡಿ ಹೌಹಾರಿದರು. ಪುಕ್ಕಟೆ ದಿನ ಅಂದರೆ ದೇಶ ಯಾವುದಾದರೂ ಒಂದೇ ಕಥೆ.

ಪ್ಯಾರಿಸ್‌ನ ಐಫೆಲ್ ಗೋಪುರದಲ್ಲಿ ಬೇರೆ ಉಪಾಯ ಇದೆ. ಲಿಫ್ಟ್‌ಗೆ ದೊಡ್ಡ ಸಾಲು. ಎರಡನೇ ಹಂತದ ತನಕ 674 ಮೆಟ್ಟಿಲು ಹತ್ತುವವರಿಗೆ ಬೇರೆ ಸಾಲು, ಅದು ಚಿಕ್ಕದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳೆದವನಿಗೆ 674 ಯಾವ ಲೆಕ್ಕ ಅಂತ ಹೊರಟೆ. ಹತ್ತಿದೆ. ಮರುದಿನ ಏಳಲಿಲ್ಲ. ವಯಸ್ಸು ಆಗಿದೆ ಅಂತ ಒಪ್ಪಿಕೊಂಡೆ.

ಆಗ್ರಾ_ನೋಡಿಬಂದವಳು
ತಾಜ್ ಮಹಲಿಗೆ ಹೋಗುವವರೂ ಇಲ್ಲಿ ಇರಬಹುದು, ಹೇಳಿಬಿಡುತ್ತೇನೆ. ಶುಕ್ರವಾರ ರಜೆ. ತೆರೆಯುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು. ಆಗಲೇ ಹೋಗಿ. ಟಿಕೆಟ್ ಮೂರು ಗಂಟೆಗೆ ಮಾತ್ರ. ಸಮಾಧಿ ಇರುವ ಮುಖ್ಯ ಕಟ್ಟಡದ ಒಳಗೆ ಹೋಗಲು 200 ರೂಪಾಯಿ ಬೇರೆ ಕೊಡಬೇಕು. ತಿಂಡಿ ಒಳಗೆ ಬಿಡುವುದಿಲ್ಲ. ನನ್ನ ಗಂಡ ಚೀಲದಲ್ಲಿ ಅರ್ಧ ಡಬ್ಬಿ ನಿಪ್ಪಟ್ಟು ಮರೆತಿದ್ದರು. ಗಂಡಸರಿಗೂ ಹೆಂಗಸರಿಗೂ ತಪಾಸಣೆ ಬೇರೆ ಬೇರೆ. ನಾನು ಒಳಗೆ ಹೋಗಿ ಇಪ್ಪತ್ತು ನಿಮಿಷ ಕಾದೆ. ಆಮೇಲೆ ಗೊತ್ತಾಯಿತು, ಇವರು ಹೊರಗೆ ನಿಂತು ನಿಪ್ಪಟ್ಟು ತಿಂದು ಮುಗಿಸುತ್ತಿದ್ದರು ಅಂತ.

ಸಾಲುಮರ
ಕ್ಯೂ ಮುರಿಯುವವರ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಒಬ್ಬ ಬಂದು ನಿಲ್ಲುತ್ತಾನೆ. ಹತ್ತು ನಿಮಿಷ ಕಳೆದರೆ ಅವನ ಹಿಂದೆ ಹದಿನಾಲ್ಕು ಜನ. "ನಮ್ಮೋರು ಮುಂದೆ ಅವ್ರೆ, ಸ್ವಲ್ಪ ದಾರಿ ಬಿಡಿ." ನಾನೀಗ ಒಂದೇ ಮಾತು ಹೇಳುತ್ತೇನೆ: "ಹೌದಾ? ಪಾಪ, ಅವರನ್ನೇ ಹಿಂದಕ್ಕೆ ಕರೀರಿ, ಎಲ್ಲಾ ಒಟ್ಟಿಗೆ ನಿಲ್ಲಬಹುದು." ಜಗಳವೂ ಆಗಲ್ಲ, ಸುತ್ತಲಿನವರು ನಗುತ್ತಾರೆ. ಹತ್ತರಲ್ಲಿ ಆರು ಸಲ ಕೆಲಸ ಮಾಡುತ್ತೆ.

ಬಿಸಿಲು_ಬೆಳದಿಂಗಳು
ಕದ್ದು ನುಗ್ಗುವವರನ್ನು ಬೈಯುತ್ತೀರಿ. ದುಡ್ಡು ಕೊಟ್ಟು ನುಗ್ಗುವವರಿಗೆ ಮಾತ್ರ ವಿಶೇಷ ಬಾಗಿಲು. ದೇವರ ಮುಂದೆಯೂ ಟಿಕೆಟಿನ ದರ ನೋಡಿ ಸಾಲು. ನನಗಂತೂ ಸರಿ ಕಾಣುವುದಿಲ್ಲ.

ನಂಜುಮಳಿಗೆ_ನಿವಾಸಿ
ನಾನೂ ಹಾಗೇ ವಾದ ಮಾಡುತ್ತಿದ್ದೆ. ನನ್ನ ಅಮ್ಮನಿಗೆ ಸೊಂಟ ನೋವು ಶುರುವಾದ ಮೇಲೆ ನಾನೇ ವಿಶೇಷ ಟಿಕೆಟ್ ತೆಗೆದುಕೊಂಡೆ. ತಿರುಮಲಕ್ಕೂ 300 ರೂಪಾಯಿ ಟಿಕೆಟ್ಟೇ, ತಿಂಗಳುಗಳ ಮೊದಲೇ ಆನ್‌ಲೈನಲ್ಲಿ ಕಾದು ಕೂತು ಹಿಡಿದದ್ದು. ನಿಮ್ಮ ಮಾತಿನಲ್ಲಿ ನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ.

ಬಿಸಿಲು_ಬೆಳದಿಂಗಳು
ವಯಸ್ಸಾದವರಿಗೆ ದುಡ್ಡಿಲ್ಲದೆ ಬೇರೆ ಸಾಲು ಮಾಡಲಿ, ಯಾರು ಬೇಡ ಅಂದರು? ವಯಸ್ಸು ನೋಡಿ ಬಿಡುವುದು ಬೇರೆ, ಜೇಬು ನೋಡಿ ಬಿಡುವುದು ಬೇರೆ. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ. ಅಕ್ಕನ ಪ್ರಶ್ನೆ ಬೇರೆ ಇದೆ.

ಎರಡು_ಜಡೆ
ಮಕ್ಕಳ ವಿಷಯಕ್ಕೆ ಬರುತ್ತೇನೆ, ನನಗೂ ಇಬ್ಬರಿದ್ದಾರೆ. ಸಾಲಿಗೆ ಸೇರುವ ಮೊದಲೇ ಶೌಚಾಲಯಕ್ಕೆ ಹೋಗಿ ಬನ್ನಿ. ಅವರು ಬೇಡ ಅಂದರೂ ಕರೆದುಕೊಂಡು ಹೋಗಿ. ಮೊಬೈಲ್ ಮೊದಲೇ ಕೊಡಬೇಡಿ, ಕೊನೇ ಹದಿನೈದು ನಿಮಿಷಕ್ಕೆ ಉಳಿಸಿಕೊಳ್ಳಿ. ಅದಕ್ಕೆ ಮುಂಚೆ ಪದಬಂಡಿ, ಒಗಟು, "ಹಳದಿ ಸೀರೆ ಎಷ್ಟು ಎಣಿಸು" ಎಲ್ಲ ನಡೆಯುತ್ತೆ. ತಿನ್ನಲು ಕೋಡುಬಳೆ, ಹುರಿಗಡಲೆ. ಬೆಟ್ಟದಲ್ಲಿ ಮಾತ್ರ ಬಾಳೆಹಣ್ಣು ಕೈಯಲ್ಲಿ ಹಿಡಿಯಬೇಡಿ, ಮಂಗ ಕಸಿಯುತ್ತೆ.

ಝೂಗೆ ಬೆಳಿಗ್ಗೆ 8.30ಕ್ಕೇ ಹೋಗಿ. ಆಗ ಪ್ರಾಣಿಗಳೂ ಎದ್ದಿರುತ್ತವೆ. ಮಧ್ಯಾಹ್ನ ಹುಲಿ ಮಲಗಿದ್ದನ್ನು ನೋಡಲು ಕ್ಯೂ ನಿಲ್ಲುವುದು ಯಾಕೆ? ಒಳಗೆ ನಡಿಗೆ ಜಾಸ್ತಿ. ಅಜ್ಜಿಗೆ ಬ್ಯಾಟರಿ ಗಾಡಿ ಕೇಳಿ. ಮಂಗಳವಾರ ರಜೆ ಇರುತ್ತೆ. ದಸರಾದಲ್ಲಿ ಸಾಮಾನ್ಯವಾಗಿ ಆ ರಜೆ ಬಿಟ್ಟು ತೆರೆಯುತ್ತಾರೆ, ಆದರೂ ಒಮ್ಮೆ ವಿಚಾರಿಸಿ.

ನಂಜುಮಳಿಗೆ_ನಿವಾಸಿ
ಬೆಟ್ಟದ ಬಗ್ಗೆ. ಕಾರಲ್ಲಿ ಹೋಗಬೇಡಿ, ಮೇಲೆ ನಿಲ್ಲಿಸಲು ಜಾಗ ಹುಡುಕುವುದೇ ಐದನೇ ಕ್ಯೂ. ನಗರ ಬಸ್ ನಿಲ್ದಾಣದಿಂದ 201 ಹತ್ತಿ. ಸಾಮಾನ್ಯ ಬಸ್ಸಾದರೆ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ, ಆಧಾರ್ ಕಾರ್ಡ್ ಇದ್ದರೆ ನಿಮಗೂ ಅತ್ತೆಗೂ ದುಡ್ಡು ಕೊಡಬೇಕಿಲ್ಲ. ಮಂಗಳವಾರ, ಶುಕ್ರವಾರ, ಭಾನುವಾರ ಜನ ಜಾಸ್ತಿ. ನವರಾತ್ರಿಯಲ್ಲಿ ಎಲ್ಲ ದಿನವೂ ಶುಕ್ರವಾರವೇ. ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕಿ ಮತ್ತೆ ಮೂರೂವರೆಗೆ ತೆಗೆಯುತ್ತಾರೆ. ಒಂದೂವರೆಗೆ ಮೇಲೆ ತಲುಪಿದಿರೋ, ಕೆಟ್ಟಿರಿ.

ಸಾವಿರ ಮೆಟ್ಟಿಲು ಅತ್ತೆಗೆ ಆಗಲ್ಲ. ಯಜಮಾನರು ಮಗಳ ಜೊತೆ ಹತ್ತಬಹುದು, ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ ದೊಡ್ಡ ನಂದಿ ಇದೆ. ಆದರೆ ಮೆಟ್ಟಿಲು ಹತ್ತಿದರೆ ತಪ್ಪುವುದು ರಸ್ತೆಯ ಟ್ರಾಫಿಕ್ ಮಾತ್ರ, ಮೇಲೆ ದರ್ಶನದ ಸಾಲು ಎಲ್ಲರಿಗೂ ಒಂದೇ.

ಸಂಜೆ ಏಳಕ್ಕೆ ಅರಮನೆ ದೀಪ ನೋಡಲು ಮರೆಯಬೇಡಿ. ಬೇರೆ ದಿನಗಳಲ್ಲಾದರೆ ಭಾನುವಾರ ಮತ್ತು ಸರ್ಕಾರಿ ರಜೆಗೆ ಮುಖ್ಯವಾಗಿ ಹಾಕುತ್ತಾರೆ, ದಸರಾದಲ್ಲಿ ದಿನವೂ ಇರುತ್ತೆ. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲಕ್ಕೆ ಹೊತ್ತಿಕೊಳ್ಳುವ ಕ್ಷಣ ಇದೆಯಲ್ಲ, ನಾನು ಸಾವಿರ ಸಲ ನೋಡಿದ್ದೇನೆ, ಈಗಲೂ ಎದೆ ಝಲ್ ಅನ್ನುತ್ತೆ. ದೀಪ ಆರುವ ಐದು ನಿಮಿಷ ಮೊದಲೇ ಗೇಟಿನ ಕಡೆ ಹೊರಡಿ. ಆಮೇಲೆ ಎಲ್ಲರೂ ಒಂದೇ ಸಲ ತಿರುಗುತ್ತಾರೆ.

ಕಾವೇರಿ_ತಟ
ಗಲಾಟೆಯೇ ಬೇಡ ಅನ್ನಿಸಿದರೆ ಸೋಮನಾಥಪುರಕ್ಕೆ ಹೋಗಿ. ಹದಿಮೂರನೇ ಶತಮಾನದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದರೂ ಅಲ್ಲಿ ಒಂದು ಕಂಬದ ಮುಂದೆ ಹತ್ತು ನಿಮಿಷ ನಿಂತರೂ ಹಿಂದಿನಿಂದ ಯಾರೂ ತಳ್ಳುವುದಿಲ್ಲ.

ಹುಬ್ಬಳ್ಳಿ_ಗಿರಮಿಟ್
(ಎರಡು ವಾರದ ನಂತರ)

ಹೋಗಿ ಬಂದೆವು. ಹೇಳಿದವರಿಗೆಲ್ಲ ಲೆಕ್ಕ ಒಪ್ಪಿಸುತ್ತೇನೆ.

ಅರಮನೆ ಗೆದ್ದೆವು. ಒಂಬತ್ತು ಮುಕ್ಕಾಲಿಗೆ ವರಾಹ ದ್ವಾರದಲ್ಲಿದ್ದೆವು. ನಮ್ಮ ಮನೆಯವರು "ಮೊದಲು ದೋಸೆ" ಅಂತ ಒಂದೇ ಸಮನೆ ಹೇಳುತ್ತಿದ್ದರು, ಬಿಡಲಿಲ್ಲ. ಒಂದೇ ಬ್ಯಾಗ್, ಒಂದೇ ಚಪ್ಪಲಿ ಚೀಲ. ಚೀಲ ನೋಡಿ ಪಕ್ಕದವರು "ಇದೇನು ಐಡಿಯಾ ಚೆನ್ನಾಗಿದೆ" ಅಂದರು. ಹತ್ತೂ ಇಪ್ಪತ್ತಕ್ಕೆ ಗೊಂಬೆ ತೊಟ್ಟಿ ದಾಟಿದ್ದೆವು.

ಕಲ್ಯಾಣ ಮಂಟಪದಲ್ಲಿ ಅತ್ತೆ ಕಂಬದ ಪಕ್ಕ ಸರಿದು ನಿಂತರು. ತಲೆ ಎತ್ತಿ ನವಿಲು ನೋಡಿದರು. ನಾನು "ಮುಂದೆ ಹೋಗೋಣ ಅತ್ತೆ, ಮೇಲೆ ದರ್ಬಾರ್ ಹಾಲ್ ಇದೆ" ಅಂದೆ. "ನೀವು ಹೋಗಿ ಬನ್ನಿ" ಅಂದರು. ಮೊಣಕಾಲು ನೋವಿರುವವರು ಇಪ್ಪತ್ತು ನಿಮಿಷ ನಿಂತೇ ಇದ್ದರು. ಆಮೇಲೆ ಒಂದೇ ಮಾತು: "ಅವರಿಗೆ ಬಣ್ಣದ ಗಾಜು ಅಂದರೆ ಬಹಳ ಇಷ್ಟ ಇತ್ತು." ನಾನು ಏನೂ ಅನ್ನಲಿಲ್ಲ. ಹನ್ನೊಂದೂವರೆಗೆ ಹೊರಗೆ ಬಂದಾಗ ತಪಾಸಣೆಯ ಸಾಲು ರಸ್ತೆಯ ತನಕ ಬಂದಿತ್ತು.

ಝೂ ಸೋತೆವು. ತಪ್ಪು ನಮ್ಮದೇ. "ಅರಮನೆ ಇಷ್ಟು ಸಲೀಸಾಯಿತು, ಇದೂ ಆಗುತ್ತೆ" ಅಂತ ಮಧ್ಯಾಹ್ನ ಎರಡಕ್ಕೆ ಹೋದೆವು. ಬಾಗಿಲಲ್ಲೇ ಮುಕ್ಕಾಲು ತಾಸು. ಅತ್ತೆ ಬ್ಯಾಟರಿ ಗಾಡಿಯಲ್ಲಿ ಕೂತರು. ಸಣ್ಣವನು ಜಿರಾಫೆಯ ಎದುರು ನೆಲದ ಮೇಲೆ ಕೂತು ಅತ್ತ. ಹುಲಿ ಮಲಗಿತ್ತು. ಎರಡು_ಜಡೆ ಅಕ್ಕಾ, ನೀವು ಹೇಳಿದ್ದಿರಿ, ನಾನು ಕೇಳಲಿಲ್ಲ.

ಬೆಟ್ಟದ್ದು ಗೆಲುವೋ ಸೋಲೋ ಗೊತ್ತಿಲ್ಲ. ಎರಡನೇ ದಿನ ಬೆಳಿಗ್ಗೆ 201 ಹಿಡಿದು ಹೋದೆವು. ಮೇಲೆ ನೋಡಿದರೆ ಜನವೋ ಜನ. ನಮ್ಮ ಮನೆಯವರು ಜೇಬಿಗೆ ಕೈ ಹಾಕಿ "ಅವ್ವಾ, ವಿಶೇಷ ಟಿಕೆಟ್ ತೆಗೀತೀನಿ" ಅಂದರು. ಅತ್ತೆ ಬೇಡ ಅಂದರು. ಲೆಕ್ಕದ ಮೇಷ್ಟ್ರ ಪ್ರಕಾರ ನನ್ನ ಮಗಳು ಎಣಿಸಿದಳು. 50 ನಿಮಿಷ ಅಂತ ಬಂತು. ನಿಂತೆವು. ಮುಂದೆ ನಂಜನಗೂಡಿನ ಕಡೆಯ ಒಬ್ಬ ಅಜ್ಜಿ. ಅವರಿಗೂ ಮೊಣಕಾಲು. ಯಾವ ಎಣ್ಣೆ, ಯಾವ ಡಾಕ್ಟರು, ಯಾವ ಸೊಸೆ, ಎಲ್ಲ ಮಾತಾಯಿತು. (ನಾನು ಪಕ್ಕದಲ್ಲೇ ನಿಂತಿದ್ದೆ, ಸೊಸೆ ಭಾಗ ಮಾತ್ರ ಮೆಲ್ಲಗೆ ಮಾತಾಡಿದರು.) ಆ ಅಜ್ಜಿ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕ್ರಮ ಹೇಳಿದರು, ನಮ್ಮವರು ಗುರೆಳ್ಳು ಚಟ್ನಿಪುಡಿಯದು ಹೇಳಿದರು. 50 ನಿಮಿಷ ಹೋಗಿ ಒಂದೂ ಕಾಲು ತಾಸು ಆಯಿತು. ನಡುವೆ ಮಂಗಳಾರತಿಗೆ ಸಾಲು ನಿಂತಿತ್ತು. ಅತ್ತೆ ಒಂದು ಸಲವೂ "ಎಷ್ಟು ಹೊತ್ತಾಯಿತು" ಅಂತ ಕೇಳಲಿಲ್ಲ. ಕೇಳಿದವಳು ನಾನು, ಆರು ಸಲ.

ಈಗ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ.

ಲೆಕ್ಕದ_ಮೇಷ್ಟ್ರು
ಮಗಳಿಗೆ ಶಭಾಷ್ ಹೇಳಿ. ಸಾಲು ಒಂದೇ ವೇಗದಲ್ಲಿ ಸಾಗಿದರೆ ಮಾತ್ರ ಆ ಲೆಕ್ಕ ಸರಿ. ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತು ಸೇರಿಸಿಕೊಳ್ಳಿ ಅಂತ ನಾನು ಹೇಳಬೇಕಿತ್ತು.

ಎರಡು_ಜಡೆ
ಜಿರಾಫೆ ಎದುರು ಅಳುವುದು ಎಲ್ಲ ಮಕ್ಕಳಿಗೂ ಆಗುವುದೇ. ನಮ್ಮವಳು ಆನೆ ಎದುರು.

ಡಿಕಾಕ್ಷನ್
ಅದೆಲ್ಲಾ ಇರಲಿ ಅಕ್ಕಾ. ಯಜಮಾನರಿಗೆ ಕೊನೆಗೂ ದೋಸೆ ಸಿಕ್ತಾ?

ಹುಬ್ಬಳ್ಳಿ_ಗಿರಮಿಟ್
ಸಿಕ್ಕಿತು. ನಜರಬಾದಿನ ಮೈಲಾರಿಗೆ ಹೋಗಿದ್ದೆವು. ಬಾಗಿಲ ಹೊರಗೆ ಅರ್ಧ ತಾಸು ಪಾಳಿ! ಇಷ್ಟು ಜನ ಇಷ್ಟೆಲ್ಲ ಬರೆದಿರಿ, ಇದೊಂದನ್ನು ಯಾರೂ ಹೇಳಲಿಲ್ಲವಲ್ಲ.

ನಂಜುಮಳಿಗೆ_ನಿವಾಸಿ
ಯಾವ ಮೈಲಾರಿ? ಎರಡರಲ್ಲಿ?

ಹುಬ್ಬಳ್ಳಿ_ಗಿರಮಿಟ್
ಎರಡು ಇವೆಯಾ?!